ಸ್ಟೀರಿಂಗ್ ಇಲ್ಲದ ಯಂತ್ರದ ಸ್ಟೀರಿಂಗ್ ದೋಷ

ಇರುವ ವಸ್ತು ಕೆಟ್ಟರೆ ರಿಪೇರಿ ಮಾಡಿಸಬಹುದು. ಇಲ್ಲದ ವಸ್ತು ಕೆಟ್ಟರೆ ಏನು ಮಾಡಬೇಕು? ಬೊಚ್ಚುಬಾಯಿಯವನಿಗೆ ಹಲ್ಲುನೋವು ಬಂದ ಹಾಗೆ, ತೋರಿಸಲು ಜಾಗವೇ ಇರುವುದಿಲ್ಲ. ಇಂಥ ಪ್ರಶ್ನೆ ಯಾರಿಗಾದರೂ ಎದುರಾಗುತ್ತದೆಯೇ ಎಂದು ನೀವು ನಗಬಹುದು. ನನಗೆ ಎದುರಾಗಿತ್ತು. ಎಂಬತ್ತರ ದಶಕದಲ್ಲಿ ಅಜ್ಜಂಪುರದ ಒಂದು ಹೈಸ್ಕೂಲಿನಲ್ಲಿ ನಾನು ಗುಮಾಸ್ತನಾಗಿದ್ದೆ. ದಿನದ ಸಣ್ಣಪುಟ್ಟದ್ದನ್ನೆಲ್ಲ ಡೈರಿಯಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಹಿತ್ತಲ ನುಗ್ಗೆಮರ ಹೂಬಿಟ್ಟದ್ದು, ಹೆಂಡತಿ ಪಾರ್ವತಿ ನನ್ನೊಡನೆ ಮಾತು ಬಿಟ್ಟದ್ದು, ಮೂರನೆಯ ದಿನ ಮತ್ತೆ ಶುರುಮಾಡಿದ್ದು, ಎಲ್ಲಕ್ಕೂ ದಾಖಲೆಯಿದೆ. ಆದ್ದರಿಂದ ಇಲ್ಲಿ ಉತ್ಪ್ರೇಕ್ಷೆ ಕಂಡರೆ ಅದು ಅಂದೇ ನಡೆದ ಉತ್ಪ್ರೇಕ್ಷೆ, ನಾನು ಸೇರಿಸಿದ್ದಲ್ಲ.

ನಮ್ಮ ಮೈದಾನದ ಹುಲ್ಲನ್ನು ಬಹುಕಾಲದಿಂದ ಹದವಾಗಿ ಇಟ್ಟಿದ್ದವು ರಂಗವ್ವನ ಕುರಿಗಳು. ಯಗಟಿ ಕಡೆಯ ಈಕೆ ಗಂಡ ತೀರಿಕೊಂಡ ಮೇಲೆ ಹದಿನಾಲ್ಕು ಕುರಿ ಹೊಡೆದುಕೊಂಡು ತಮ್ಮನ ಊರಿಗೆ ಬಂದು ನೆಲೆಸಿದ್ದಳು. ಸ್ವಂತ ಜಮೀನಿಲ್ಲ. ಸುತ್ತಲಿನ ಬಯಲೆಲ್ಲ ಒಣಗಿದಾಗಲೂ ನೀರಿನ ತೊಟ್ಟಿಯ ಪಕ್ಕದ ನಮ್ಮ ಮೈದಾನ ಹಸಿರಾಗಿರುತ್ತಿದ್ದರಿಂದ ಕುರಿಗಳ ಬದುಕು ಅಲ್ಲೇ ನಡೆಯುತ್ತಿತ್ತು. ಸ್ಕೂಲಿನ ಗೇಟು ದಾಟಿದವರೆಲ್ಲ ರಂಗವ್ವನಿಗೆ ಮೇಷ್ಟ್ರೇ. ನಾನೂ ಮೇಷ್ಟ್ರು, ಗಂಟೆ ಹೊಡೆಯುವ ಜವಾನನೂ ಮೇಷ್ಟ್ರು. ಕುರಿಗಳಿಗೂ ನನಗೂ ಕೆಟ್ಟದ್ದು ಒಂದು ಟಗರು ಆಫೀಸಿಗೆ ನುಗ್ಗಿ ಹಾಜರಿ ಪುಸ್ತಕದ ನಾಲ್ಕು ಹಾಳೆ ತಿಂದ ದಿನ. ಡ್ರಿಲ್ ಮೇಷ್ಟ್ರ ಇಡೀ ಜುಲೈ ತಿಂಗಳು ಅದರ ಹೊಟ್ಟೆ ಸೇರಿತು. ಸಿಟ್ಟಿನಲ್ಲಿ ನಾನೇ ಹೆಡ್‌ಮಾಸ್ಟರ ಪರವಾಗಿ ನಮ್ಮ ಹಳೆಯ ವಿದ್ಯಾರ್ಥಿ, ಮಲೆಯ ಮೇಲೆ ಕಾಫಿ ತೋಟವಿದ್ದ ಸಾಹುಕಾರರೊಬ್ಬರಿಗೆ, ಹುಲ್ಲು ಕತ್ತರಿಸುವ ಯಂತ್ರವೊಂದನ್ನು ದಾನ ಮಾಡಬೇಕೆಂದು ಪತ್ರ ಬರೆದೆ.

ಕೈಯಲ್ಲಿ ತಳ್ಳುವ ಸಣ್ಣ ಯಂತ್ರ ಬಂದೀತು ಎಂದುಕೊಂಡಿದ್ದೆ. ಲಾರಿಯಲ್ಲಿ ಬಂದದ್ದು ಮೇಲೆ ಕೂತು ಓಡಿಸುವ ಕೆಂಪು ಬಣ್ಣದ ವಿಲಾಯಿತಿ ಯಂತ್ರ. ಅದಕ್ಕೆ ಸ್ಟೀರಿಂಗ್ ಚಕ್ರವಿಲ್ಲ. ಸೀಟಿನ ಎರಡು ಪಕ್ಕದಲ್ಲಿ ಎರಡು ಕೋಲುಗಳು, ಅಷ್ಟೆ. ತೋಟದ ಡ್ರೈವರು ಮಂಗಳೂರು ಕಡೆಯವನು. ಅದರ ಮೇಲೆ ಕೂತು ಮೈದಾನದಲ್ಲಿ ಎರಡು ಸುತ್ತು ಹೋಗಿ, ಕಡೆಗೆ ನಿಂತಲ್ಲೇ ಬುಗುರಿಯಂತೆ ತಿರುಗಿಸಿ ತೋರಿಸಿ, ಲಾರಿ ಹತ್ತಿ ಹೊರಟುಹೋದ. ಮರುದಿನದಿಂದ ಕುರಿಗಳಿಗೆ ಪ್ರವೇಶ ನಿಷೇಧ. ರಂಗವ್ವನಿಗೆ ಹೇಳುವ ಕೆಲಸ ನನ್ನದು.

"ಆಯ್ತು ಬಿಡಿ ಮೇಷ್ಟ್ರೇ," ಎಂದಳು ಯಂತ್ರವನ್ನೇ ನೋಡುತ್ತ. "ನಿಮ್ ಕೆಂಪು ಟಗರು ಮೇಯ್ಲಿ. ಹಿಕ್ಕೆ ಹಾಕಲ್ಲ, ಪುಸ್ತಕ ತಿನ್ನಲ್ಲ. ಮರಿ ಹಾಕ್ತದಾ ಅಂತ ಮಾತ್ರ ಒಸಿ ವಿಚಾರ್ಸಿ."

ಅಂದಿನಿಂದ ಅವಳು ಕುರಿಗಳೊಡನೆ ಬೇಲಿಯಾಚೆ ಕೂತು ನಮ್ಮನ್ನು ನೋಡತೊಡಗಿದಳು. ನೋಡುವಂಥದು ಬೇಕಾದಷ್ಟಿತ್ತು. ಕೋಲುಗಳನ್ನು ಮುಂದಕ್ಕೆ ತಳ್ಳಿದರೆ ಯಂತ್ರ ಮುಂದಕ್ಕೆ ಹೊರಡುತ್ತಿತ್ತು. ಹತ್ತು ಮಾರು ಹೋಗಿ ವೇಗ ಏರಿದ್ದೇ ತಡ, ಅದಕ್ಕೇನಾಗುತ್ತಿತ್ತೋ, ಗಕ್ಕನೆ ಹಿಂದಕ್ಕೆ ನುಗ್ಗುತ್ತಿತ್ತು. ಜವಾನ ಬಸಪ್ಪ ಹಿಂದಕ್ಕೆ ಹೋಗಿ ತೊಟ್ಟಿಗೆ ಗುದ್ದಿದ. ಡ್ರಿಲ್ ಮೇಷ್ಟ್ರು ಹಿಂದಕ್ಕೆ ಹೋಗುತ್ತಲೇ ಸೀಟಿ ಊದಿದರು. ಯಂತ್ರಕ್ಕೆ ಶಿಸ್ತಿನ ಪರಿಚಯವಿರಲಿಲ್ಲ. ನಾನು ಹಿಂದುಹಿಂದಾಗಿಯೇ ಎಂಟನೇ ತರಗತಿಯ ಬಾಗಿಲಿಗೆ ಹೋಗಿ ನಿಂತೆ. ಮಕ್ಕಳು ಎದ್ದು ನಮಸ್ಕಾರ ಮಾಡಿದರು.

ಕಡೂರಿನಿಂದ ಮೆಕ್ಯಾನಿಕ್ಕು ಬಂದ. ಯಂತ್ರವನ್ನು ಮೂರು ಸಲ ಪ್ರದಕ್ಷಿಣೆ ಹಾಕಿ, "ಸ್ಟೀರಿಂಗ್ ತೊಂದ್ರೆ ಕಣ್ರೀ ಇದು," ಎಂದ. "ಆದ್ರೆ ಸ್ಟೀರಿಂಗೇ ಇಲ್ವಲ್ಲ ಸಾರ್! ಯಾರ್ ಬಿಚ್ಕಂಡ್ ಹೋದ್ರು?" ಈ ಮಾತು ಹೆಡ್‌ಮಾಸ್ಟರ ಕಿವಿಗೆ ಬಿತ್ತು. ಸಂಜೆಯೊಳಗೆ ನನಗೊಂದು ಮೆಮೊ: 'ದಾನವಾಗಿ ಬಂದ ಯಂತ್ರದ ಸ್ಟೀರಿಂಗ್ ಚಕ್ರ ತಮ್ಮ ವಶದಲ್ಲಿರುವಾಗ ಕಾಣೆಯಾಗಿರುವ ಬಗ್ಗೆ ಸಮಜಾಯಿಷಿ ನೀಡುವುದು.' ಚಕ್ರ ಮೊದಲಿನಿಂದಲೂ ಇರಲಿಲ್ಲವೆಂದು ನಾನು ಬರೆದೆ. ಇರಲಿಲ್ಲವೆಂಬುದಕ್ಕೆ ಪುರಾವೆ ಕೇಳಿದರು. ಇಲ್ಲದ್ದಕ್ಕೆ ಪುರಾವೆ ಎಲ್ಲಿಂದ ತರಲಿ? ಕಡೆಗೆ ಅವರೇ ಒಂದು ದಾರಿ ತೋರಿಸಿದರು. "ನೋಡ್ರೀ, ಕ್ರೀಡಾದಿನಕ್ಕೆ ಸ್ಕೂಲ್ ಕಮಿಟಿ ಅಧ್ಯಕ್ಷರು ಬರ್ತಾರೆ. ಅವರ ಎದುರಿಗೆ ಓಟದ ಪಟ್ಟಿಯ ಮೇಲೆ ಯಂತ್ರ ನೆಟ್ಟಗೆ ಹೋಗಬೇಕು. ಹೋದರೆ ನಿಮ್ಮ ಮೆಮೊ ವಾಪಸ್. ಹೋಗದಿದ್ದರೆ ಯಂತ್ರ ವಾಪಸ್, ಮೈದಾನ ಮತ್ತೆ ಆ ಕುರಿಗಳಿಗೆ. ಮೆಮೊ ಮಾತ್ರ ನಿಮಗೆ!"

ಯಂತ್ರದ ಜೊತೆ ಇಂಗ್ಲಿಷ್ ಪುಸ್ತಕವೊಂದು ಬಂದಿತ್ತು. ಆಫೀಸಿನ ಅಭ್ಯಾಸಬಲದಿಂದ ಮೊದಲ ಪುಟಗಳನ್ನು ಹಾರಿಸಿ ನೇರವಾಗಿ ದೂರುಗಳ ಅಧ್ಯಾಯಕ್ಕೆ ಹೋದೆ. ಒಂದೇ ಕಡೆಗೆ ಎಳೆದರೆ ಟೈರಿನ ಗಾಳಿ ನೋಡಿ ಎಂದಿತ್ತು. ಸೈಕಲ್ ಶಾಪಿನವನನ್ನು ಕರೆಸಿ ಗಾಳಿ ಸಮ ಮಾಡಿಸಿದೆ. ಬೆಲ್ಟು ನೋಡಿ ಎಂದಿತ್ತು. ನೋಡಿದೆ, ಅದೂ ನನ್ನನ್ನು ನೋಡಿತು. ಕೋಲುಗಳ ಬುಡದ ನಟ್ಟು ಬಿಗಿಮಾಡಿದೆ, ಸಡಿಲ ಮಾಡಿದೆ. ಪಾರ್ವತಿಯ ಸಲಹೆಯಂತೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದೆ. ಆ ವಾರದ ಡೈರಿ ಹೀಗಿದೆ. ಸೋಮವಾರ: ಹಿಂದಕ್ಕೆ ಎಂಟು ಮಾರು. ಮಂಗಳವಾರ: ಹಿಂದಕ್ಕೆ ಹನ್ನೆರಡು ಮಾರು, ದಾಸವಾಳದ ಗಿಡ ಹೋಯಿತು. ಬುಧವಾರ: ಅಮಾವಾಸ್ಯೆ, ಯಂತ್ರ ತೆಗೆಯಲಿಲ್ಲ. ಗುರುವಾರ: ಹಿಂದಕ್ಕೆ. ಲೆಕ್ಕ ಬಿಟ್ಟಿದ್ದೇನೆ.

"ಅಲ್ಲಾ ರೀ, ಆ ಡ್ರೈವರ್ ಕೈಲಿ ಮುಂದಕ್ಕೆ ಹೋಗಿದ್ದು ನಿಮ್ ಕೈಲಿ ಯಾಕೆ ಹೋಗಲ್ಲ?" ಎಂದು ಪಾರ್ವತಿ ಕೇಳಿದಳು. ಹೆಂಗಸರಿಗೆ ಯಂತ್ರದ ವಿಷಯ ತಿಳಿಯುವುದಿಲ್ಲ ಎಂದು ನಾನು ಹೇಳಿದೆ. ಅವಳು ಮಾತು ಬಿಟ್ಟದ್ದು ಆಗಲೇ.

ಕ್ರೀಡಾದಿನ ಬಂತು. ಶಾಮಿಯಾನದ ಕೆಳಗೆ ಅಧ್ಯಕ್ಷರು, ಹೂವಿನ ಹಾರ, ಹೆಡ್‌ಮಾಸ್ಟರು. ಬೇಲಿಯಾಚೆ ರಂಗವ್ವ. ನಾನು ಮನೆದೇವರನ್ನು ನೆನೆದು ಕೋಲುಗಳನ್ನು ಮುಂದಕ್ಕೆ ತಳ್ಳಿದೆ. ಯಂತ್ರ ಹೊರಟಿತು, ದಾರ ಹಿಡಿದಂತೆ ನೆಟ್ಟಗೆ. ಹತ್ತು ಮಾರು ದಾಟಿತು, ಹದಿನೈದು ದಾಟಿತು. ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಬೇಲಿಯ ಕಂಡಿಯಿಂದ ಅದೇ ಟಗರು, ಜುಲೈ ತಿಂದದ್ದು, ಒಳಗೆ ನುಸುಳಿ ಪಟ್ಟಿಯ ನಡುವೆ ನಿಂತು ನನ್ನನ್ನು ದಿಟ್ಟಿಸಿತು.

ನಾನು "ಹೋ... ಹೋ!" ಎಂದೆ. ಯಂತ್ರ ಹಿಂದಕ್ಕೆ ನುಗ್ಗಿತು. ತಿರುಗಿ ನೋಡಿದರೆ ಶಾಮಿಯಾನ ನನ್ನ ಕಡೆಗೇ ಬರುತ್ತಿದೆ. "ನಿಲ್ಸ್ರೀ! ನಿಲ್ಸ್ರೀ!" ಎಂದು ಹೆಡ್‌ಮಾಸ್ಟರು. ನಾನು ನಿಲ್ಲಿಸುತ್ತಲೇ ಇದ್ದೆ, ಮೈಯ ಬಲವನ್ನೆಲ್ಲ ಹಾಕಿ ನಿಲ್ಲಿಸುತ್ತಿದ್ದೆ. ನಿಲ್ಲಿಸಿದಷ್ಟೂ ಅದು ಜೋರಾಗಿ ಹಿಂದಕ್ಕೆ ಓಡುತ್ತಿತ್ತು. ಅಧ್ಯಕ್ಷರು ಹಾರ ಸಮೇತ ಕುರ್ಚಿಯ ಮೇಲೆ ಹತ್ತಿ ನಿಂತರು. ಆಗ ಬೇಲಿಯ ಕಡೆಯಿಂದ ಕೂಗು ಕೇಳಿತು.

"ಕೈ ಬಿಡ್ರೀ ಮೇಷ್ಟ್ರೇ! ಎಳೀಬೇಡಿ! ಎಳುದ್ರೆ ನಿಲ್ಲಾಕೆ ಅದೇನ್ ಎತ್ತಾ?"

ಕೈ ಬಿಟ್ಟೆ. ಯಂತ್ರ ನಿಂತಿತು. ಶಾಮಿಯಾನದ ಗೂಟಕ್ಕೂ ನನಗೂ ಒಂದು ಗೇಣು ಅಂತರ.

ಕೆಳಗೆ ನೋಡಿಕೊಂಡೆ. ನನ್ನ ಎರಡು ಕೈಗಳೂ ಇನ್ನೂ ಎದೆಯ ಹತ್ತಿರ ಮುಷ್ಟಿ ಕಟ್ಟಿಕೊಂಡಿದ್ದವು. ಚೌಳಹಿರಿಯೂರಿನಲ್ಲಿ ಅಪ್ಪನ ಗಾಡಿ ಹೊಡೆಯುವಾಗ ಎತ್ತು ಬೆದರಿದರೆ ಎರಡೂ ಹಗ್ಗ ಎದೆಗೆಳೆದು "ಹೋ" ಎನ್ನುವುದನ್ನು ಕಲಿತದ್ದು ನಾನು ಅ ಆ ಕಲಿಯುವುದಕ್ಕೂ ಮೊದಲು. ಬಸಪ್ಪನೂ ಗಾಡಿಯವರ ಮಗ, ಡ್ರಿಲ್ ಮೇಷ್ಟ್ರೂ ಗಾಡಿಯವರ ಮಗ. ಮಂಗಳೂರು ಕಡೆಯವನು ಗಾಡಿ ಹೊಡೆದಿರಲಿಲ್ಲ, ಅಷ್ಟೆ. ಎರಡೂ ಕೋಲು ಹಿಂದಕ್ಕೆಳೆದರೆ ಯಂತ್ರ ಹಿಂದಕ್ಕೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ ಎಂಬ ಮಾತು ನಾನು ಹಾರಿಸಿದ್ದ ಮೊದಲ ಪುಟದಲ್ಲೇ ಅಚ್ಚಾಗಿತ್ತು.

ಸಂಜೆ ಬೇಲಿಯ ಹತ್ತಿರ ಹೋದೆ. "ಯಾವತ್ತು ಗೊತ್ತಾಯ್ತು ನಿಂಗೆ?"

"ಎರಡ್ನೇ ದಿನವೇ," ಎಂದಳು ರಂಗವ್ವ, ಟಗರಿನ ಕಿವಿ ಹಿಂಡುತ್ತ. "ಹೇಳುದ್ರೆ ನನ್ ಕುರಿ ಎಲ್ಲಿಗ್ ಹೋಗ್ಬೇಕು? ಅದುಕ್ಕೇ ಬಾಯ್ ಮುಚ್ಕಂಡಿದ್ದೆ. ಇವತ್ತು ನೀವು ಸಾಯ್ತೀರಿ ಅನ್ನುಸ್ತು, ಬಾಯಿ ಬಂದ್ಬುಡ್ತು. ಹಾಳಾದ್ ಬಾಯಿ."

ಕಡೆಯ ತೀರ್ಮಾನಕ್ಕೆ ಮೊದಲು ಹೆಡ್‌ಮಾಸ್ಟರು ನನ್ನಿಂದ ಒಂದು ವರದಿ ಕೇಳಿದ್ದರು. ಕೈ ಬಿಡುವುದನ್ನು ಕಲಿತರೆ ಯಂತ್ರ ಸರಿಯಾಗುತ್ತಿತ್ತು, ನನ್ನ ಮೆಮೊ ವಾಪಸಾಗುತ್ತಿತ್ತು, ಹದಿನಾಲ್ಕು ಕುರಿ ಬೇಲಿಯಾಚೆಯೇ ಉಳಿಯುತ್ತಿದ್ದವು. ಕುರ್ಚಿ ಹತ್ತುವ ಗಡಿಬಿಡಿಯಲ್ಲಿ ಶಾಮಿಯಾನದವರು ಯಾರೂ ಅವಳ ಕೂಗಿಗೆ ಕಿವಿಗೊಟ್ಟಿರಲಿಲ್ಲ. ರಾತ್ರಿ ಊಟಕ್ಕೆ ಮೊದಲೇ ವರದಿ ಬರೆದು ಮುಗಿಸಿದೆ: 'ಯಂತ್ರವನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು. ದೋಷವು ಹಿಡಿಯುವ ಭಾಗದಲ್ಲಿದ್ದು, ಆ ಭಾಗವು ಈ ಸೀಮೆಯಲ್ಲೇ ತಯಾರಾದದ್ದು, ಬಹಳ ಹಳೆಯದು. ಬದಲಿ ಭಾಗ ಎಲ್ಲಿಯೂ ದೊರೆಯುವುದಿಲ್ಲ.' ಒಂದಕ್ಷರ ಸುಳ್ಳಿಲ್ಲ. ಯಂತ್ರ ಲಾರಿ ಹತ್ತಿತು, ಕುರಿ ಒಳಗೆ ಬಂದವು, ಮೆಮೊ ನನ್ನ ಸರ್ವಿಸ್ ಪುಸ್ತಕ ಸೇರಿತು. ಪಾರ್ವತಿಗೆ ವರದಿ ಓದಿ ಹೇಳಿದಾಗ ಅವಳು ನಕ್ಕು ಮಾತು ಶುರುಮಾಡಿದಳು.

ಈಗಲೂ ತರೀಕೆರೆಗೆ ಬಸ್ಸಿನಲ್ಲಿ ಹೋಗುವಾಗ ತಿರುವಿನಲ್ಲಿ ಡ್ರೈವರು ಜೋರು ಮಾಡಿದರೆ, ನನಗೆ ತಿಳಿಯದಂತೆಯೇ ಮುಂದಿನ ಸೀಟಿನ ಕಂಬಿಯನ್ನು ಎರಡು ಕೈಯಲ್ಲೂ ಎದೆಗೆಳೆದುಕೊಂಡಿರುತ್ತೇನೆ. ಬಾಯಿಯಲ್ಲಿ ಸಣ್ಣಗೆ "ಹೋ" ಕೂಡ ಬಂದಿರುತ್ತದೆ. ಆಮೇಲೆ ಗಾಬರಿಯಾಗಿ ಕಂಬಿ ಬಿಟ್ಟುಬಿಡುತ್ತೇನೆ, ಪಾಪ, ಬಸ್ಸಿನ ತುಂಬ ಜನರಿದ್ದಾರೆ, ಎಲ್ಲರೂ ಮುಂದಕ್ಕೆ ಹೋಗಬೇಕಾದವರು.