ನನ್ನ ಕ್ಲಿನಿಕ್ಕಿನಲ್ಲೊಂದು ಇಲೋಯ್ಲೊ

ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತವರು ನಗುವ ಸ್ಥಿತಿಯಲ್ಲಿರುವುದಿಲ್ಲ. ಆದರೂ ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿಯ ನನ್ನ ಪುಟ್ಟ ಕ್ಲಿನಿಕ್ಕಿನಲ್ಲಿ ಆಗಾಗ ಏನಾದರೊಂದು ನಡೆದು, ನಾನು ಮಾಸ್ಕಿನೊಳಗೆ ತುಟಿ ಕಚ್ಚಿಕೊಂಡು ನಿಲ್ಲಬೇಕಾಗುತ್ತದೆ. ಬಹುಪಾಲು ಅದಕ್ಕೆ ಕಾರಣ ಪೇಷಂಟುಗಳ ಹಲ್ಲು ಕ್ಲೀನ್ ಮಾಡುವ ನಮ್ಮ ಸಹೋದ್ಯೋಗಿ. ಫಿಲಿಪೀನ್ಸಿನ ಇಲೋಯ್ಲೊ ಎಂಬ ಊರಿನವರು. ಮನಿಲಾದಂಥ ಮಹಾನಗರವಲ್ಲ ಅದು. ನದಿ, ಬಂದರು, ಹಳೇ ಚರ್ಚುಗಳ ಮಧ್ಯೆ, ನಮ್ಮ ಮೈಸೂರಿನ ಹಾಗೆ, ತನಗಿಂತ ಚೆಂದದ ಊರು ಇನ್ನೊಂದಿಲ್ಲ ಅಂತ ನಂಬಿಕೊಂಡು ಹಾಯಾಗಿರುವ ಊರು. ನಾವೆಲ್ಲ ಅವರನ್ನು ಮನಾಂಗ್ ಅನ್ನುತ್ತೇವೆ. ಅವರ ಭಾಷೆಯಲ್ಲಿ ಅಕ್ಕ ಅಂತ.

ಜೋಗುಳ

ಅವರು ಕೆಲಸಕ್ಕೆ ಸೇರಿದ ಹೊಸತು. ಸಂಜೆ ಕ್ಲಿನಿಕ್ ಮುಚ್ಚುವ ಹೊತ್ತಿಗೆ ಫೋನಿನಲ್ಲಿ ಮಾತಾಡುತ್ತಿದ್ದರು. ಎಂಥ ದನಿ ಅಂತೀರಿ! ಮಗುವನ್ನು ತಟ್ಟಿ ಮಲಗಿಸುವ ಹಾಗೆ. ಫೋನಿಟ್ಟ ಮೇಲೆ ಕೇಳಿದೆ, "ಮೊಮ್ಮಗೂನಾ ಮನಾಂಗ್?"

"ಅಲ್ಲ ಡಾಕ್, ನನ್ನ ತಮ್ಮ. ಅಪ್ಪನ ಕಾಲದ ಊಟದ ಮೇಜನ್ನ ಯಾರನ್ನೂ ಕೇಳದೆ ಮಾರಿಬಿಟ್ಟಿದಾನೆ."

"ಮತ್ತೆ ಅಷ್ಟು ಮುದ್ದಾಗಿ ಮಾತಾಡ್ತಿದ್ರಿ?"

"ಮುದ್ದೆಲ್ಲಿ ಬಂತು? ಭಾನುವಾರದೊಳಗೆ ಮೇಜು ವಾಪಸ್ ಬರದಿದ್ರೆ, ನಿನ್ನನ್ನೇ ನಾಲ್ಕು ಕಾಲಲ್ಲಿ ನಿಲ್ಲಿಸಿ ನಿನ್ನ ಬೆನ್ನ ಮೇಲೆ ಊಟ ಬಡಿಸ್ತೀನಿ ಅಂದೆ."

ಇಲೋಯ್ಲೊದವರ ಮಾತೇ ಹಾಗಂತೆ, ಬೈದರೂ ಹಾಡಿದಂತೆ ಕೇಳಿಸುತ್ತದೆ. ಅವತ್ತಿನಿಂದ ಮನಾಂಗ್ ಸವಿಯಾಗಿ "ಗುಡ್ ಮಾರ್ನಿಂಗ್ ಡಾಕ್" ಅಂದಾಗಲೆಲ್ಲ, ನಾನೇನು ತಪ್ಪು ಮಾಡಿದೆ ಅಂತ ಒಂದು ಗಳಿಗೆ ಯೋಚಿಸುತ್ತೇನೆ.

ಚರಿತ್ರೆಯ ಪಾಠ

ಮನಾಂಗ್ ಹಲ್ಲು ಉಜ್ಜುತ್ತಲೇ ಊರಿನ ಚರಿತ್ರೆ ಹೇಳುತ್ತಾರೆ. ಪೇಷಂಟಿನ ಬಾಯಲ್ಲಿ ಕೊಕ್ಕೆ ಇರುವುದರಿಂದ ಯಾರೂ ಅಡ್ಡ ಮಾತಾಡುವಂತಿಲ್ಲ. ಸಕ್ಕರೆ ತುಂಬಿಕೊಂಡು ಹೊರಟ ಹಡಗುಗಳು, ಆ ದುಡ್ಡಿನಲ್ಲಿ ಎದ್ದ ಮಹಡಿ ಮನೆಗಳು, ಅತ್ಯಂತ ನಿಷ್ಠೆಯ ಊರು ಅಂತ ಸ್ಪೇನಿನ ರಾಣಿ ಕೊಟ್ಟ ಬಿರುದು, ಎಲ್ಲ ಸರದಿಯ ಮೇಲೆ ಬರುತ್ತವೆ.

ಪಕ್ಕದೂರು ಫ್ರೀಮಾಂಟಿನಲ್ಲಿರುವ ಮಂಡ್ಯದ ಇಂಜಿನಿಯರೊಬ್ಬರಿದ್ದಾರೆ. ಹಲ್ಲು ನೋವು ಬಂದ ಹೊರತು ಇತ್ತ ತಲೆ ಹಾಕುವವರಲ್ಲ. ಅವತ್ತು ಕತೆ ಸ್ಪೇನಿನವರ ಕೊನೆಯ ದಿನಗಳಿಗೆ ಬಂದಿತ್ತು. ಮನಿಲಾ ಕೈತಪ್ಪಿದ ಮೇಲೆ ಅವರು ಇಲೋಯ್ಲೊವನ್ನೇ ರಾಜಧಾನಿ ಮಾಡಿಕೊಂಡಿದ್ದರಂತೆ. ಬಾಯಿ ಮುಕ್ಕಳಿಸಲು ಬಿಟ್ಟಿದ್ದೇ ತಡ, ಇಂಜಿನಿಯರು ಕೇಳಿದರು, "ಆಮೇಲೆ ಅವರನ್ನ ಓಡಿಸಿದ್ರಾ?"

"ಓಡಿಸೋದಾ? ಕ್ರಿಸ್‌ಮಸ್ ಹಿಂದಿನ ದಿನ ಹೊರಟರು. ಹಬ್ಬದ ಹೊತ್ತಲ್ಲಿ ಊಟ ಮಾಡದೆ ಹೊರಟರಲ್ಲಾ ಅಂತ ನಮ್ಮಜ್ಜಿಯ ಅಮ್ಮಂಗೆ ಸಾಯೋವರೆಗೂ ಬೇಜಾರಿತ್ತು. ಬಾಯಿ ತೆಗೀರಿ."

ಹೋಗುವಾಗ ಇಂಜಿನಿಯರು ತಾವಾಗಿಯೇ ಮುಂದಿನ ಅಪಾಯಿಂಟ್‌ಮೆಂಟು ಕೇಳಿದರು. ನನಗೆ ಆಶ್ಚರ್ಯ. "ಏನಾದ್ರೂ ನೋವಿದೆಯಾ?" ಅಂದೆ.

"ಇಲ್ಲ ಮೇಡಂ, ಕತೇಲಿ ಇನ್ನೂ ಅಮೆರಿಕದವರು ಬರೋದು ಬಾಕಿ ಇದೆ."

ತೀರ್ಪು

ನಾನು ಸಸ್ಯಾಹಾರಿ. ಇಲೋಯ್ಲೊದ ಹೆಮ್ಮೆಯ ತಿಂಡಿ ಬಾಚೊಯ್. ಹಂದಿಮಾಂಸ, ಮೂಳೆಯ ಸಾರು, ಅದರಲ್ಲಿ ಶಾವಿಗೆ. ನಾನು ಅದನ್ನು ತಿನ್ನದೆ ಸಾಯುವುದು ಮನಾಂಗ್‌ಗೆ ಒಪ್ಪಿಗೆಯಿಲ್ಲ. ಅಣಬೆ, ಬೆಳ್ಳುಳ್ಳಿ ಹಾಕಿ ನನಗಾಗಿಯೇ ಮಾಡಿ, ಅದು ಸರಿಯೋ ಇಲ್ಲವೋ ಅಂತ ತಮ್ಮೂರಿನ ಮಾರ್ಕೆಟ್ಟಿನ ಬಾಚೊಯ್ ಅಂಗಡಿಯವಳಿಗೆ ವಿಡಿಯೊ ಕಾಲ್ ಮಾಡಿದರು. ಆ ಕಡೆ ಅಂಗಡಿಯವಳು, ಮೀನಿನವಳು, ತಿನ್ನಲು ಬಂದವರು ಎಲ್ಲ ಸೇರಿ ಗಟ್ಟಿಯಾಗಿ ಚರ್ಚೆ ಮಾಡಿದರು. ನಾನು ಬೋಗುಣಿ ಹಿಡಿದು ಕಾಯುತ್ತಿದ್ದೆ. ನಿಜಕ್ಕೂ ಘಮಘಮ ಅನ್ನುತ್ತಿತ್ತು.

"ಏನಂತೆ ಮನಾಂಗ್?"

"ಇದನ್ನ ಬಾಚೊಯ್ ಅನ್ನೋ ಹಾಗಿಲ್ವಂತೆ. ಆದ್ರೆ ಅದನ್ನ ನಿಮಗೆ ಹೇಳಬಾರದಂತೆ."

ಕಂಬದ ಮೇಲಿನವರು

ನಮ್ಮತ್ತೆ ಹಾಸನದಿಂದ ಬಂದಿದ್ದಾಗ ಹಲ್ಲು ಕಟ್ಟಿಸಿಕೊಳ್ಳಲು ಕ್ಲಿನಿಕ್ಕಿಗೆ ಬರುತ್ತಿದ್ದರು. ಮನಾಂಗ್ ಫೋನಿನಲ್ಲಿ ತಮ್ಮೂರಿನ ಚರ್ಚು ತೋರಿಸಿದರು. ಉದ್ದಕ್ಕೂ ಕಂಬಗಳು, ಕಂಬಕ್ಕೊಂದು ಸಂತರ ವಿಗ್ರಹ. ಸಾಲಿಗೆ ಸಾಲೇ ಹೆಂಗಸರು. ಅತ್ತೆ ಕಣ್ಣಗಲಿಸಿ ನೋಡಿ, "ಗಂಡಸ್ರು ಎಲ್ಲವ್ರೆ ಅಂತ ಕೇಳವ್ವ" ಅಂದರು. ನಾನು ಇಂಗ್ಲಿಷಿಗೆ ತಿರುಗಿಸಿದೆ.

ಮನಾಂಗ್ ಅಂದರು, "ಹೊರಗಡೆ. ಪೂಜೆ ಮುಗಿಯೋದನ್ನ ಕಾಯ್ತಿರ್ತಾರೆ."

ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ. "ನಮ್ಮೂರೇ ಬಿಡು," ಅಂದರು ಅತ್ತೆ.

ಮಾವಿನಹಣ್ಣು

ಮನಾಂಗ್‌ರ ತಾಯಿ ಊರು ಬಿಟ್ಟು ಕದಲಿದವರೇ ಅಲ್ಲ. ಎಂಬತ್ತು ದಾಟಿದೆ, ಸ್ಕೂಲು ಟೀಚರಾಗಿದ್ದವರು. ವರ್ಷಗಟ್ಟಲೆ ಗೋಗರೆದ ಮೇಲೆ ಕೊನೆಗೂ ಬರಲು ಒಪ್ಪಿದರು. ಅವರು ಬಂದಿಳಿಯುವ ಹಿಂದಿನ ದಿನ ಮನಾಂಗ್ ಮೆಟ್ಟಿಲ ಮೇಲೆ ಕಾಲು ಉಳುಕಿಸಿಕೊಂಡರು. "ನಾನು ಕರ್ಕೊಂಡು ಬರ್ತೀನಿ" ಅಂತ ನಾನೇ ಏರ್‌ಪೋರ್ಟಿಗೆ ಹೊರಟೆ.

ವಿಮಾನ ಇಳಿಯಿತು. ಜನವೆಲ್ಲ ಹೊರಗೆ ಬಂದು ಖಾಲಿಯೂ ಆಯಿತು. ಅಜ್ಜಿ ಮಾತ್ರ ಬರಲಿಲ್ಲ. ಮನಾಂಗ್ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದರು. "ಇಮಿಗ್ರೇಶನ್‌ನವರು ಅಮ್ಮನ್ನ ವಾಪಸ್ ಕಳಿಸಿಬಿಟ್ರಾ ಡಾಕ್? ಇನ್ನೊಂದು ಸಲ ಅವರು ಖಂಡಿತ ಹೊರಡಲ್ಲ." ಆ ದನಿ ಕೇಳಿ ನಾನು ಮತ್ತೆ ಬಾಗಿಲ ಹತ್ತಿರ ಹೋಗಿ ಇಣುಕಿದೆ.

ಅಷ್ಟರಲ್ಲಿ ಬಾಗಿಲು ತೆರೆಯಿತು. ವ್ಹೀಲ್‌ಚೇರಿನಲ್ಲಿ ಗುಬ್ಬಚ್ಚಿಯಂಥ ಅಜ್ಜಿ, ರಾಣಿಯ ಹಾಗೆ ನೆಟ್ಟಗೆ ಕೂತಿದ್ದಾರೆ. ಹಿಂದೆ ತಳ್ಳಿಕೊಂಡು ಬರುತ್ತಿರುವವನು ಯೂನಿಫಾರ್ಮು ತೊಟ್ಟ ಕಸ್ಟಮ್ಸ್ ಆಫೀಸರು. ಆರಡಿ ಆಳು, ಸೊಂಟದಲ್ಲಿ ಪಿಸ್ತೂಲು, ತಗ್ಗಿದ ತಲೆ.

"ಏನಾಯ್ತು ಸರ್?" ಅಂತ ಗಾಬರಿಯಿಂದ ಕೇಳಿದೆ.

"ಬ್ಯಾಗಿನಲ್ಲಿ ಮಾವಿನಹಣ್ಣಿತ್ತು ಮೇಡಂ. ಒಳಗೆ ಬಿಡೋ ಹಾಗಿಲ್ಲ, ಕಸಕ್ಕೆ ಹಾಕಬೇಕು ಅಂದೆ. ಅಜ್ಜಿ ನನ್ನ ಮುಖ, ಎದೆ ಮೇಲಿನ ಹೆಸರು ನೋಡಿ, ನಮ್ಮ ಇಲೋಯ್ಲೊ ಭಾಷೆಯಲ್ಲೇ, ನೀನು ಯಾರ ಮಗ ಅಂದ್ರು."

"ನೀವು ಹೇಳಿದ್ರಾ?"

"ಗೊತ್ತಾಗದೆ ಹೇಳಿಬಿಟ್ಟೆ. ಇವರು ನಮ್ಮಮ್ಮನ ಟೀಚರಂತೆ! ಅಮ್ಮ ಎರಡನೇ ಕ್ಲಾಸಲ್ಲಿ ಮಾಡಿದ ತರಲೆಯಿಂದ ಶುರುಮಾಡಿ ನಮ್ಮ ವಂಶವನ್ನೆಲ್ಲ ಜಾಲಾಡಿದರು. ಇವರ ಹಿಂದೆ ಲೈನು ನಿಂತುಬಿಟ್ಟಿತು."

"ಹಣ್ಣು?"

"ರೂಲ್ಸು ಮೇಡಂ, ಕಸಕ್ಕೆ ಹಾಕಲೇಬೇಕಾಯ್ತು. ಇವರು ಎದುರಿಗೇ ಕೂತು ನೋಡಿದರು."

ಅಜ್ಜಿ ಅವನ ಕೈ ತಟ್ಟಿ, ತಮ್ಮ ಭಾಷೆಯಲ್ಲಿ ಜೇನಿನಂತೆ ಏನೋ ಅಂದರು. ಅವನ ಮುಖ ಬಿಳಿಚಿಕೊಂಡಿತು.

"ಆಶೀರ್ವಾದ ಮಾಡಿದ್ರಾ?" ಅಂದೆ.

"ಮನೆ ಮುಟ್ಟಿದ ತಕ್ಷಣ ನಮ್ಮಮ್ಮಂಗೆ ಫೋನ್ ಮಾಡ್ತಾರಂತೆ." ಆಮೇಲೆ ನನ್ನನ್ನೇ ಅನುಮಾನದಿಂದ ನೋಡಿ, ದನಿ ತಗ್ಗಿಸಿ ಕೇಳಿದ, "ನೀವೂ ಇಲೋಯ್ಲೊದವರಾ?"

"ಅಲ್ಲಪ್ಪ, ಮೈಸೂರು."

ಅವನು ಎದೆ ಮುಟ್ಟಿಕೊಂಡು ಉಸಿರು ಬಿಟ್ಟ. "ಸದ್ಯ! ಫೋನ್ ಮಾಡೋರು ಒಬ್ಬರೇ."