ಸಾಹೇಬರ ಚೆಂಡು ಮತ್ತು ನನ್ನ ಬಲಗಾಲು

ಈ ಸಂಗತಿಯನ್ನು ಬರೆಯಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಒಮ್ಮೆ ಕನ್ನಡಕ ಒಡೆಯಿತು, ಒಮ್ಮೆ ಶಾಯಿ ಒಣಗಿತು. ಏನೂ ಅಡ್ಡಿ ಇಲ್ಲದ ದಿನ ನಿದ್ದೆ ಬಂತು!

ಐವತ್ತರ ದಶಕದಲ್ಲಿ ಮುಂಬಯಿಯ ಸರ್ಕಾರಿ ಕಚೇರಿಯೊಂದರಿಂದ ಹೆಡ್ ಕ್ಲಾರ್ಕಾಗಿ ನಿವೃತ್ತನಾದೆ. ಕೈಯಲ್ಲಿ ಪಿಂಚಣಿ, ತಲೆಯಲ್ಲಿ ಒಂದು ಮಹದುದ್ದೇಶ. ಸಾಂತಾಕ್ರೂಜಿನ ನಮ್ಮ ಚಾಳಿನ ಯುವಕರಿಗೆ ಗಾಲ್ಫ್ ಕಲಿಸಿ, ತನ್ಮೂಲಕ ಅವರಲ್ಲಿ ಶಿಸ್ತನ್ನೂ ಸತ್ಯನಿಷ್ಠೆಯನ್ನೂ ಬೆಳೆಸತಕ್ಕದ್ದು! ನನಗೆ ಗಾಲ್ಫ್ ಬರುತ್ತಿತ್ತೇ? ಅದನ್ನು ಯಾರೂ ಕೇಳಲಿಲ್ಲ.

ನೋಡಿಯಂತೂ ಗೊತ್ತಿತ್ತು. ನಮ್ಮ ಇಂಗ್ಲಿಷ್ ದೊರೆ ಶನಿವಾರ ಗಾಲ್ಫ್ ಆಡುವಾಗ ಕಡತಗಳನ್ನು ಹೊತ್ತು ಹಿಂದೆ ನಡೆಯುವುದು ನನ್ನ ಕೆಲಸ. ಗೆದ್ದರೆ ಸಹಿ, ಸೋತರೆ ಬೈಗುಳ. ಆದ್ದರಿಂದ ಅವರ ಚೆಂಡು ಪೊದೆಗೆ ನುಗ್ಗಿದಾಗಲೆಲ್ಲ ಮೊದಲು ಓಡಿ, ಹುಡುಕುವ ನೆಪದಲ್ಲಿ ಬೂಟಿನ ತುದಿಯಿಂದ ಅದನ್ನು ಬಯಲಿಗೆ ಸರಿಸುತ್ತಿದ್ದೆ. ಆಟದ ನಿಯಮಕ್ಕೆ ಅದು ವಿರುದ್ಧ. ಆಡಳಿತಕ್ಕೆ ಬಹಳ ಅನುಕೂಲ! ಸ್ವಾತಂತ್ರ್ಯ ಬಂದು ದೊರೆ ಹೊರಟಾಗ ತಮ್ಮ ಹಳೆಯ ಗಾಲ್ಫ್ ಕೋಲುಗಳನ್ನು ನನಗೇ ಕೊಟ್ಟುಹೋದರು.

"ಅಷ್ಟು ವರ್ಷ ದುಡಿದದ್ದಕ್ಕೆ ಸಿಕ್ಕಿದ್ದು ಈ ಕೋಲಾ ಮಾರಾಯ್ರೆ?" ಎಂದಳು ನನ್ನ ಹೆಂಡತಿ ಪದ್ಮಾವತಿ. "ಇರಲಿ, ಬೆಕ್ಕು ಓಡಿಸ್ಲಿಕ್ಕೆ ಆದೀತು."

ಚಾಳಿನ ಹಿಂದಿನ ಬಯಲಿನಲ್ಲಿ ಖಾಲಿ ಡಬ್ಬಿಗಳನ್ನು ಹೂತು ಕುಳಿ ಮಾಡಿದೆ. ಪದ್ಮಾವತಿಯ ಹಳೆಯ ಸೀರೆ ಹರಿದು ಬಾವುಟ ಕಟ್ಟಿದೆ. ಅದು ಹಳೆಯದಲ್ಲವೆಂದು ಆಮೇಲೆ ತಿಳಿಯಿತು! ಮಾದರಿಗಾಗಿ ನಾನು ಹೊಡೆದ ಮೊದಲ ಚೆಂಡು ಪಕ್ಕದ ತಬೇಲಾದಲ್ಲಿ, ಅಂದರೆ ಹಾಲಿನವರ ಕೊಟ್ಟಿಗೆಯಲ್ಲಿ, ಕಟ್ಟಿದ್ದ ಎಮ್ಮೆಯ ಬೆನ್ನಿಗೆ ಬಿತ್ತು. ಮರುದಿನ ಹಾಲಿನ ಭೈಯಾ ಬರಿಗೈಯಲ್ಲಿ ಬಂದ.

"ಬಾಬೂಜಿ, ಆಜ್ ದೂಧ್ ನಹೀಂ. ಭೈಂಸ್ ನಾರಾಜ್ ಹೈ!"

ಎಮ್ಮೆಯ ಮುನಿಸು ಇಳಿಯುವವರೆಗೆ ಇಡೀ ಚಾಳು ನನ್ನ ಹೆಸರು ಹೇಳಿಕೊಂಡು ಕರಿ ಚಹಾ ಕುಡಿಯಿತು. ಶಿಷ್ಯರೂ ಒಬ್ಬೊಬ್ಬರಾಗಿ ಜಾರಿಕೊಂಡರು.

ಉಳಿದವನು ಒಬ್ಬನೇ, ಮೇಲಿನ ಮಾಳಿಗೆಯಲ್ಲಿ ಸೋದರಮಾವನ ಜೊತೆಗಿದ್ದ ವಿಜಾಪುರದ ಹುಡುಗ. ಮ್ಯಾಟ್ರಿಕ್ ಮುಗಿಸಿ ನೌಕರಿ ಹುಡುಕುತ್ತಿದ್ದ. ದೀಪಾವಳಿಯೊಳಗೆ ಸಿಗದಿದ್ದರೆ ಊರಿಗೆ ಮರಳಿ ದೊಡ್ಡಪ್ಪನ ಕಿರಾಣಿ ಅಂಗಡಿಯಲ್ಲಿ ಕೂರಬೇಕೆಂದು ಮನೆಯವರ ಆಜ್ಞೆಯಾಗಿತ್ತು. ಚಿಣ್ಣಿದಾಂಡು ಆಡಿ ಪಳಗಿದ ಕೈ ಅವನದು. ಅವನು ನೋಡಿದ ಕಡೆಗೆ ಚೆಂಡು ಹೋಗುತ್ತಿತ್ತು. ನನ್ನ ಬೋಧನೆಯ ಫಲವೆಂದು ನಾನು ಬೀಗಿದೆ.

ನನ್ನ ಪರಿಚಯದ ಪಾರ್ಸಿ ಸಾಹೇಬರೊಬ್ಬರು ಒಂದು ಕಂಪನಿಯ ಮ್ಯಾನೇಜರು. ಒಂದು ಆಟ ಆಡಿದರೆ ಮನುಷ್ಯನ ಬಣ್ಣ ತಿಳಿಯುತ್ತದೆ ಎಂದು ನಂಬಿದವರು. "ಭಾನುವಾರ ಹುಡುಗನನ್ನು ಕರೆತನ್ನಿ. ಮನಸ್ಸಿಗೆ ಬಂದರೆ ನನ್ನ ಆಫೀಸಿನಲ್ಲಿ ಒಂದು ಕುರ್ಚಿ ಖಾಲಿ ಇದೆ" ಎಂದರು.

ಭಾನುವಾರ ಸಾಹೇಬರ ಗಾಲ್ಫ್ ಮೈದಾನದಲ್ಲಿ ಹುಡುಗ ಅವರ ಎದುರು ಅದ್ಭುತವಾಗಿ ಆಡಿದ. ಕೊನೆಯ ಕುಳಿಯವರೆಗೂ ಇಬ್ಬರೂ ಸಮಸಮ. ಆಗ ಸಾಹೇಬರ ಚೆಂಡು ಮುಳ್ಳುಪೊದೆಗೆ ನುಗ್ಗಿತು. ಹುಡುಗ ಗೆದ್ದಂತೆಯೇ!

ನಾನು ಓಡಿದೆ. ಯಾಕೆ ಓಡಿದೆನೆಂದು ಇವತ್ತಿಗೂ ನನಗೆ ಕುತೂಹಲ. ಪೊದೆಯ ಬಳಿ ನನ್ನ ಬಲಗಾಲು, ನನ್ನನ್ನು ಒಂದು ಮಾತೂ ಕೇಳದೆ, ಚೆಂಡನ್ನು ಬಯಲಿಗೆ ತಳ್ಳಿತು. ನಿವೃತ್ತನಾದವನು ನಾನು ಮಾತ್ರ. ಕಾಲು ಇನ್ನೂ ಸರ್ಕಾರಿ ಸೇವೆಯಲ್ಲೇ ಇತ್ತು!

ಸಾಹೇಬರು ಬಂದರು. ಹುಲ್ಲಿನ ಮೇಲೆ ಮದುಮಗನಂತೆ ಕೂತಿದ್ದ ಚೆಂಡನ್ನು ನೋಡಿದರು. ಪಕ್ಕದಲ್ಲಿ ನಾನು, ನನ್ನ ಹಿಂದೆಯೇ ಓಡಿಬಂದಿದ್ದ ಹುಡುಗ.

"ಕಿಸ್ನೇ ಹಟಾಯಾ?" ಯಾರು ಸರಿಸಿದ್ದು?

ಮೇಲಧಿಕಾರಿಯ ಪ್ರಶ್ನೆಗೆ, ಅವರು ಎರಡನೇ ಸಲ ಕೇಳುವ ತನಕ ಬಾಯಿ ಬಿಡಬಾರದೆಂಬುದು ನಮ್ಮ ಕಚೇರಿಯ ಸಂಪ್ರದಾಯ. ನಾನು ವಿನಯದಿಂದ ಕಾದೆ. ಹುಡುಗ ನನ್ನ ಮುಖ ನೋಡಿದ, ಬೂಟು ನೋಡಿದ.

"ಮೈನೇ, ಸಾಬ್" ಎಂದ. ನಾನೇ, ಸಾಹೇಬರೇ.

ಸಾಹೇಬರು ಕೋಲನ್ನು ಚೀಲಕ್ಕೆ ಹಾಕಿದರು. "ಗೆಲ್ಲಲು ಮೋಸ ಮಾಡುವವರನ್ನು ಬಹಳ ನೋಡಿದ್ದೇನೆ. ನನ್ನನ್ನು ಗೆಲ್ಲಿಸಲು ಮೋಸ ಮಾಡುವವನು ಇನ್ನೂ ಅಪಾಯಕಾರಿ. ಅಂಥವನು ನನ್ನ ಆಫೀಸಿಗೆ ಬೇಡ" ಎಂದು ಕಾರು ಹತ್ತಿದರು.

ಮರಳುವಾಗ ಲೋಕಲ್ ರೈಲಿನಲ್ಲಿ ಹುಡುಗ ನನ್ನ ಕಡೆ ತಿರುಗಿದ. ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದ.

"ಅಲ್ರೀ ಕಾಕಾ, ಸರಿಸೋದಽ ಇತ್ತಂದ್ರ ನನ್ನ ಚೆಂಡರ ಸರಿಸಬಾರದಿತ್ತೇನ್ರಿ?"

ನಾನು ಕಿಟಕಿಯ ಹೊರಗೆ ನೋಡಿದೆ. ಘನವಾದ ದೃಶ್ಯವೇನೂ ಇರಲಿಲ್ಲ. ಒಣಗಲು ಹಾಕಿದ ಚಡ್ಡಿಗಳಿದ್ದವು.

ಮನೆಯಲ್ಲಿ ಪದ್ಮಾವತಿ ಎಲ್ಲ ಕೇಳಿದಳು. "ತಪ್ಪಾಯ್ತು ಅಂತ ಆ ಮಾಣಿಯ ಹತ್ರ ಹೇಳಿದ್ರಾ?"

"ವಿಷಯ ಪರಿಶೀಲನೆಯಲ್ಲಿದೆ" ಎಂದೆ.

"ನೀವೂ ನಿಮ್ಮ ಪರಿಶೀಲನೆಯೂ! ಸಾಹೇಬರ ಮನೆಗೆ ಹೋಗಿ ನಿಜ ಹೇಳಿ ಮಾರಾಯ್ರೆ. ಅವನಿಗೆ ನೌಕರಿ ಸಿಗ್ತದೆ."

ನಾಳೆ ಎಂದೆ. ನಾಳೆಗಳು ಸರತಿಯಲ್ಲಿ ಬಂದುಹೋದವು. ದೀಪಾವಳಿಯೂ ಬಂತು. ಊರಿಗೆ ಹೊರಟವನನ್ನು ಬೀಳ್ಕೊಡಲು ಪದ್ಮಾವತಿ ನನ್ನ ಕೈಗೆ ಚಕ್ಕುಲಿಯ ಪೊಟ್ಟಣ ಕೊಟ್ಟು ಸ್ಟೇಷನ್ನಿಗೆ ಅಟ್ಟಿದಳು. ದಾರಿಯುದ್ದಕ್ಕೂ ಆ ಒಂದು ಮಾತನ್ನು ಬಾಯಿಪಾಠ ಮಾಡಿದೆ. ರೈಲು ಹೊರಡುವ ಸೀಟಿ ಕೇಳಿದಾಗ ಬಾಯಿಂದ ಬಂದದ್ದು ಬೇರೆ.

"ಕಿಟಕಿಯಿಂದ ಕೈ ಹೊರಗೆ ಹಾಕಬೇಡಪ್ಪಾ."

"ಆತ್ರೀ ಕಾಕಾ" ಎಂದು ಕಾಲು ಮುಟ್ಟಿ ನಮಸ್ಕರಿಸಿದ. ಮುಟ್ಟಿದ್ದು ಬಲಗಾಲನ್ನೇ!

ಹೀಗೆ ಯುವಜನರಿಗೆ ಸತ್ಯನಿಷ್ಠೆ ಕಲಿಸಿದೆ. ಕಲಿಯದೆ ಉಳಿದವನು ಮೇಷ್ಟರೊಬ್ಬನೇ. ಯಾರು ಸರಿಸಿದ್ದೆಂದು ಎರಡನೇ ಸಲ ಯಾರೂ ಕೇಳಲಿಲ್ಲ. ಕೇಳದಿದ್ದರೂ ಈಗ ಹೇಳುತ್ತೇನೆ: ನಾನು. ಅವನಲ್ಲ. ಅವನ ಹೆಸರು ಈರಪ್ಪ. ಈರಪ್ಪ ಸಂಗಪ್ಪ ಹಳ್ಳೂರ.