ಡಾಕ್ಟರು ಹೇಳಿದ ಬೆರಿ

ಡೊಳ್ಳಣ್ಣನಿಗೆ ಹೆಣವೆಂದರೆ ಪ್ರಾಣಭಯ. ಹೊಟ್ಟೆಪಾಡಿಗೆ ಓಡಿಸುತ್ತಿದ್ದದ್ದು ಮಾತ್ರ ಹೆಣದ ಗಾಡಿ. ಇವೆರಡನ್ನೂ ಹೊಂದಿಸಿಕೊಟ್ಟದ್ದು ಡ್ರೈವರ್ ಸೀಟು. ಅಲ್ಲಿ ಕೂತರೆ ಮುಖ ಮುಂದಕ್ಕೆ, ಹೆಣ ಹಿಂದಕ್ಕೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಅವನು ತಿರುಗಿ ನೋಡಿದವನಲ್ಲ.

ಈಗ ಆ ಸೀಟಿಗೇ ಸಂಚಕಾರ ಬಂದಿತ್ತು. ಇನ್ನೊಂದು ಗಾಡಿಯ ಡ್ರೈವರು ಸಕ್ಕರೆ ಏರಿ, ಕಣ್ಣಿಗೆ ಕತ್ತಲೆ ಬಂದು, ಹೆಣದ ಸಮೇತ ಚರಂಡಿಗೆ ಇಳಿದಿದ್ದ. ಅಂದಿನಿಂದ ಯಜಮಾನರು ಕೆಲಸಗಾರರಿಗೆಲ್ಲ ರಕ್ತಪರೀಕ್ಷೆ ಕಡ್ಡಾಯ ಮಾಡಿದರು. ಫೇಲಾದ ಡ್ರೈವರಿಗೆ ಐಸ್ ರೂಮಿನ ಕೆಲಸ. ಅಂದರೆ ಹೆಣಗಳನ್ನು ಕೆಡದಂತೆ ಇಡುವ ಕೋಣೆಯಲ್ಲಿ ದಿನವಿಡೀ ಅವುಗಳ ಮುಖ ನೋಡಿಕೊಂಡು ಕೂರುವುದು.

ಬೆರಿ ಹಣ್ಣು ತಿಂದರೆ ಸಕ್ಕರೆ ಇಳಿಯುತ್ತದೆ, ಬೊಜ್ಜು ಕರಗುತ್ತದೆ ಎಂದು ಹೆಂಡತಿ ಎಲ್ಲೋ ಓದಿದಳು. ಅಲ್ಲಿಗೆ ಮನೆಯಲ್ಲಿ ಬೆರಿಯದೇ ದರ್ಬಾರು. ಕೆಂಪು ಬೆರಿ, ನೀಲಿ ಬೆರಿ, ಕಪ್ಪು ಬೆರಿ. ಕನಸಿನಲ್ಲೂ ಬೆರಿ. ಬೆಲ್ಟು ಒಂದು ತೂತು ಒಳಕ್ಕೆ ಹೋಗಿದ್ದಂತೂ ನಿಜ, ಹಾಗಾಗಿ ಡೊಳ್ಳಣ್ಣನಿಗೆ ಸ್ವಲ್ಪ ಧೈರ್ಯ ಬಂದಿತ್ತು.

ಪರೀಕ್ಷೆಯ ಹಿಂದಿನ ಸಂಜೆ ಐಸ್ ರೂಮಿನ ಐಸಪ್ಪ ಬಾಗಿಲಿಗೆ ಬಂದ. ಅಲ್ಲಿನ ಚಳಿಗೆ ಬಾಯಿ ಮೂಗು ಮುಚ್ಚಿ ಸುತ್ತಿಕೊಂಡ ಮಫ್ಲರನ್ನು ಅವನು ಹೊರಗೂ ಬಿಚ್ಚುತ್ತಿರಲಿಲ್ಲ. ಪರೀಕ್ಷೆ ಮಾಡುವ ಡಾಕ್ಟರು ಹೇಳಿಕಳಿಸಿದ ಮಾತನ್ನು ಅದರೊಳಗಿಂದಲೇ ಗೊಣಗಿ ಹೊರಟುಹೋದ.

"ಏನಂದ್ರೀ ಅವನು?" ಎಂದಳು ಹೆಂಡತಿ.

"ನಾಳೆ ಹೊಟ್ಟೇಲಿ ಬೆರಿ ಇರಬೇಕಂತೆ."

"ನಾನು ಹೇಳಿದ್ರೆ ಮೂಗು ಮುರೀತಿದ್ರಿ. ಈಗ ಡಾಕ್ಟರೂ ಅದನ್ನೇ ಹೇಳಿದ್ರು."

ಬೆಳಗ್ಗೆ ಅವಳು ಒಂದು ಬಟ್ಟಲು ತುಂಬ ಕಪ್ಪು ಬೆರಿ ತಂದಿಟ್ಟಳು. ಸುದ್ದಿ ತಿಳಿದ ಪಕ್ಕದ ಮನೆ ಟೀಚರಮ್ಮ ಇನ್ನೊಂದು ಬಟ್ಟಲು ತಂದರು. "ಹುಳಿಗೆ ಎದೆ ಉರಿಯುತ್ತೆ ಕಣಪ್ಪ" ಎಂದು ಎರಡಕ್ಕೂ ಧಾರಾಳವಾಗಿ ಜೇನುತುಪ್ಪ ಸುರಿದರು. ಸಾಕು ಎನ್ನಬೇಕೆಂದಾಗಲೆಲ್ಲ ಐಸ್ ರೂಮು ಕಣ್ಣಮುಂದೆ ಬಂತು. ಡೊಳ್ಳಣ್ಣ ಬಟ್ಟಲಿನ ತಳ ಕಾಣುವ ತನಕ ತಿಂದ.

ಕ್ಲಿನಿಕ್ಕಿಗೆ ಹೋಗುವ ಮುಂಚೆ ಒಂದು ಹೆಣ ಸಾಗಿಸುವುದಿತ್ತು. ಹೊರಲು ಐಸಪ್ಪ ಜೊತೆಗೆ ಬಂದ. ಸತ್ತವರ ಮನೆಯಲ್ಲಿ ಐಸಪ್ಪನೂ ಮನೆಯವರೂ ಹೆಣವನ್ನು ಗಾಡಿಗೆ ಏರಿಸಿದ ಮೇಲೆ ಡೊಳ್ಳಣ್ಣ ಸೀಟಿನಿಂದಿಳಿದು, ಟೋಪಿ ತೆಗೆದು, ಸತ್ತವರ ಮಗಳ ಮುಂದೆ ನಿಂತು, "ಸಮಾಧಾನ ಮಾಡ್ಕೊಳ್ಳಿ ತಾಯಿ" ಎನ್ನಲು ಬಾಯಿ ತೆರೆದ. ಆಕೆ ಅಳು ನಿಲ್ಲಿಸಿ ಎರಡು ಹೆಜ್ಜೆ ಹಿಂದೆ ಸರಿದಳು. ಅವನ ತುಟಿ, ಹಲ್ಲು, ನಾಲಿಗೆ ಎಲ್ಲ ಬದನೆಕಾಯಿ ಬಣ್ಣಕ್ಕೆ ತಿರುಗಿದ್ದವು.

"ನಮ್ಮ ಮಾವನೇ ಇಷ್ಟು ನೀಲಿ ಆಗಿಲ್ಲ. ಇವರಿಗೆ ಹಾರ್ಟ್ ಅಟ್ಯಾಕ್ ಆಗ್ತಿದೆ" ಎಂದ ಆ ಮನೆಯ ಅಳಿಯ.

"ಬೆರಿ, ಬೆರಿ" ಎಂದ ಡೊಳ್ಳಣ್ಣ, ಗಾಬರಿಯಲ್ಲಿ ಬೇರೇನೂ ತೋಚದೆ.

"ಪಾಪ, ಮಾತೂ ತೊದಲ್ತಿದೆ."

ಮಗಳು ಕಣ್ಣೊರೆಸಿಕೊಂಡಳು. "ಅಪ್ಪಂಗೆ ಇನ್ನೇನೂ ಅವಸರ ಇಲ್ಲ. ಮೊದಲು ಇವರನ್ನ ಉಳಿಸಿ."

ನಾಲ್ಕು ಜನ ಸೇರಿ ಡೊಳ್ಳಣ್ಣನನ್ನು ಎತ್ತಿದರು. ಮಲಗಿಸಲು ಇದ್ದ ಜಾಗ ಒಂದೇ, ಗಾಡಿಯ ಹಿಂಭಾಗ. ಅವನು ಕೈಕಾಲು ಬಡಿದಷ್ಟೂ "ಫಿಟ್ಸೂ ಬಂತು" ಎಂದು ಗಟ್ಟಿಯಾಗಿ ಹಿಡಿದರು. ಐಸಪ್ಪ ಸ್ಟೀರಿಂಗ್ ಹಿಡಿದ. ಮೊದಲ ತಿರುವಿನಲ್ಲಿ ಗಾಡಿ ವಾಲಿ ಡೊಳ್ಳಣ್ಣ ಪಕ್ಕಕ್ಕೆ ಹೊರಳಿದ, ಮೂಗಿಗೆ ಮೂಗು ತಾಗಿತು. ಆಮೇಲೆ ಕ್ಲಿನಿಕ್ಕಿನವರೆಗೂ ಅವನು ಕಣ್ಣು ಬಿಡಲಿಲ್ಲ, ಮಗುವಿನಂತೆ ಅಳುತ್ತಲೇ ಇದ್ದ.

ಡಾಕ್ಟರು ಎದೆ ನೋಡಿ ಏನೂ ಇಲ್ಲ ಎಂದರು. ರಕ್ತ ನೋಡಿ ಹುಬ್ಬೇರಿಸಿದರು. ಅಷ್ಟರಲ್ಲಿ ಯಜಮಾನರೂ ಓಡಿಬಂದಿದ್ದರು.

"ಸಕ್ಕರೆ ಇಷ್ಟೊಂದಿದೆಯಲ್ರೀ. ತಿಂದ್ಕೊಂಡು ಬಂದ್ರಾ?" ಎಂದರು ಡಾಕ್ಟರು.

"ನೀವೇ ಹೇಳಿ ಕಳ್ಸಿದ್ರಲ್ಲ ಸಾರ್, ಹೊಟ್ಟೇಲಿ ಬೆರಿ ಇರಬೇಕು ಅಂತ."

ಡಾಕ್ಟರು ಹಣೆ ಹಣೆ ಚಚ್ಚಿಕೊಂಡರು. "ಬರೀ ಹೊಟ್ಟೇಲಿ ಬನ್ನಿ ಅಂದಿದ್ದೆ ಕಣ್ರೀ. ಬರೀ ಹೊಟ್ಟೇಲಿ."

ಡೊಳ್ಳಣ್ಣ ಯಜಮಾನರ ಕೈ ಹಿಡಿದುಕೊಂಡ. "ನಾಳೆ ನೀರೂ ಕುಡೀದೆ ಬರ್ತೀನಿ ಧಣಿ. ಇನ್ನೊಂದ್ಸಲ ನೋಡ್ಸಿ."

"ಸಕ್ಕರೆ ನಾಳೆ ಇಳೀಬಹುದಪ್ಪ. ಆದ್ರೆ ಹೆಣದ ಪಕ್ಕ ಮಲಗಿ ಬಂದ ಡ್ರೈವರನ್ನ ಜನ ಮರೀತಾರಾ? ನೀನು ಐಸ್ ರೂಮಿಗೇ ಹೋಗು. ಅಲ್ಲಿ ನಿನ್ನ ತುಟಿ ನೋಡಿ ಹೆದರೋರು ಯಾರೂ ಇಲ್ಲ."

ಬರೀ ಹೊಟ್ಟೆಯಲ್ಲಿ ಬಂದಿದ್ದ ಐಸಪ್ಪ ಪಾಸಾಗಿದ್ದ. ಗಾಡಿಯ ಕೀಲಿ ಜೇಬಿಗಿಳಿಸಿ, ಮಫ್ಲರು ಬಿಚ್ಚಿ ಡೊಳ್ಳಣ್ಣನ ಬಾಯಿ ಮೂಗಿಗೆ ತಾನೇ ಸುತ್ತಿದ. "ಇನ್ಮೇಲೆ ನಿಂಗೆ ಬೇಕಾಗುತ್ತಣ್ಣ" ಎಂದ. ಅವನ ಮಾತು ಅಷ್ಟು ಸ್ಪಷ್ಟವಾಗಿ ಕೇಳಿಸಿದ್ದು ಅದೇ ಮೊದಲು.

ಸಂಜೆ ಐಸ್ ರೂಮಿನ ಮೂಲೆಯಲ್ಲಿ, ಸಾಲಾಗಿ ಮಲಗಿದವರಿಗೆ ಬೆನ್ನು ಹಾಕಿ, ಗೋಡೆ ನೋಡುತ್ತಾ ಕೂತಿದ್ದವನಿಗೆ ಹೆಂಡತಿಯ ಫೋನು ಬಂತು. ಊಟಕ್ಕೆ ಏನು ಕಳಿಸಲಿ ಎಂದು ಕೇಳಿದಳು.

ಹಣ್ಣಿನ ಹೆಸರೆತ್ತಿದರೇ ಅವನಿಗೆ ವಾಕರಿಕೆ. "ಬರೀ ಊಟ ಕಳ್ಸು, ಸಾಕು" ಎಂದ, ಮಫ್ಲರಿನೊಳಗಿಂದ.

ಸ್ವಲ್ಪ ಹೊತ್ತಿಗೆ ಡಬ್ಬಿ ಬಂತು. ಮುಚ್ಚಳ ತೆಗೆದ. ಅಂಚಿನ ತನಕ ಕಪ್ಪು ಬೆರಿ, ಮೇಲೆ ಟೀಚರಮ್ಮನ ಜೇನುತುಪ್ಪ.